ಪಾಸ್‌ವರ್ಡ್ ಹೇಳುವ ಸವಣೂರಿನವಳು

ಹಾನಗಲ್ಲಿನ ನಮ್ಮ ರೈತ ಕೂಟಕ್ಕೆ ನಾನು ಆ್ಯಪ್ ಮಾಡಿಕೊಟ್ಟ ವರ್ಷವೇ ಸವಣೂರಿನ ಕೂಟಕ್ಕೆ ನನ್ನ ಗೆಳತಿ ಮಾಡಿಕೊಟ್ಟಳು. ಎರಡರ ಕೆಲಸವೂ ಒಂದೇ. ಕೂಟದ ಟ್ರ್ಯಾಕ್ಟರು, ಬಿತ್ತುವ ಕೂರಿಗೆ, ಭತ್ತ ಕೊಯ್ಯುವ ಯಂತ್ರ ಇವು ಯಾವ ದಿನ ಯಾರ ಹೊಲಕ್ಕೆ ಹೋಗಬೇಕೆಂದು ಸದಸ್ಯರು ಮನೆಯಲ್ಲೇ ಕೂತು ಮೊಬೈಲಿನಲ್ಲಿ ಪಾಳಿ ಹಿಡಿಯಬೇಕು. ಅದಕ್ಕೂ ಮುಂಚೆ ಸುಗ್ಗಿ ಬಂತೆಂದರೆ ಕೂಟದ ಕಟ್ಟೆಯ ಮೇಲೆ ಜಗಳ ಶುರುವಾಗುತ್ತಿತ್ತು. ಒಬ್ಬರು ಹಿಡಿದ ಪಾಳಿಯನ್ನು ಇನ್ನೊಬ್ಬರು ಅಳಿಸಬಾರದೆಂದು ಪ್ರತಿಯೊಬ್ಬರಿಗೂ ಅವರದೇ ಒಂದು ಪಾಸ್‌ವರ್ಡ್ ಇತ್ತು.

ವ್ಯತ್ಯಾಸ ಇದ್ದದ್ದು ಒಂದೇ. ಯಾರಾದರೂ ಪಾಸ್‌ವರ್ಡ್ ಮರೆತು ಫೋನ್ ಹಚ್ಚಿದರೆ ಸವಣೂರಿನವಳು ಅಲ್ಲೇ ನೋಡಿ ಹೇಳಿಬಿಡುತ್ತಿದ್ದಳು. ನಾನು ಹೇಳುತ್ತಿರಲಿಲ್ಲ. ಹೇಳಲು ಅದು ನನ್ನ ಬಳಿ ಇರುತ್ತಲೇ ಇರಲಿಲ್ಲ.

ನಾವಿಬ್ಬರೂ ಹಾವೇರಿಯಲ್ಲಿ ಬಿಸಿಎ ಓದುವಾಗ ಒಂದೇ ಬೆಂಚಿನ ಮೇಲೆ ಕೂತವರು. ನಾನು ಹಾನಗಲ್ಲಿನಿಂದ ಮೊದಲ ಬಸ್ಸಿಗೆ ಬಂದು ಕಿಟಕಿಯ ಪಕ್ಕ ಕೂಡುತ್ತಿದ್ದೆ. ಅವಳು ತರಗತಿ ಶುರುವಾದ ಮೇಲೆ ಬರುತ್ತಿದ್ದಳು, ಬಾಗಿಲಲ್ಲಿ ನಿಂತು ನಗುತ್ತಿದ್ದಳು, ಮೇಷ್ಟ್ರು ಒಳಗೆ ಕರೆಯುತ್ತಿದ್ದರು. ಅವಳ ಅಪ್ಪ ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರಿ. ಮನೆಯಲ್ಲಿ ಉರ್ದು, ಹೊರಗೆ ನಮ್ಮಂಥದೇ ಕನ್ನಡ. ಚೀಲದಲ್ಲಿ ಯಾವಾಗಲೂ ಸವಣೂರಿನ ಕುರುಕಲು ಖಾರದ ಪೊಟ್ಟಣ ಇರುತ್ತಿತ್ತು, ಇಡೀ ತರಗತಿ ಅವಳ ಸುತ್ತ ನೆರೆಯುತ್ತಿತ್ತು. ಪ್ರೋಗ್ರಾಂ ಬರೆಯುವುದರಲ್ಲಿ ನಾನು ಅವಳಿಗಿಂತ ಮುಂದಿದ್ದೆ, ಅದರಲ್ಲಿ ಅವಳಿಗೂ ಅನುಮಾನವಿರಲಿಲ್ಲ. ಆದರೆ ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಹೇಗೆ ಬರೆದೆ ಎಂದು ಕೇಳುತ್ತಿದ್ದದ್ದು ಅವಳನ್ನು. ನನ್ನನ್ನು ಕೇಳುತ್ತಿದ್ದದ್ದು ಉತ್ತರವನ್ನು ಮಾತ್ರ.

ನಮ್ಮ ಅವ್ವನಿಗೂ ಅವಳೆಂದರೆ ಬಹಳ ಪ್ರೀತಿ. ಒಮ್ಮೆ ಮನೆಗೆ ಬಂದವಳು ಅಡಿಗೆಮನೆಗೇ ನುಗ್ಗಿ ಅವ್ವನ ಪಕ್ಕ ಕೂತು ರೊಟ್ಟಿ ಬಡಿಯಲು ಹೋಗಿ, ರೊಟ್ಟಿಯನ್ನು ಮುರಿದು, ಮುರಿದದ್ದನ್ನೇ ತಿಂದಿದ್ದಳು. ಎಷ್ಟೋ ವರ್ಷ ಅವ್ವ ಅದನ್ನು ಹೇಳಿ ನಗುತ್ತಿದ್ದಳು. ನಾನು ದಿನಾ ದುಂಡಗೆ ಬಡಿದ ರೊಟ್ಟಿಯ ಬಗ್ಗೆ ಅವ್ವ ಯಾವತ್ತೂ ಏನೂ ಹೇಳಿದ್ದಿಲ್ಲ.

ಓದು ಮುಗಿದ ಮೇಲೆ ನಾನು ಕೆಲ ಕಾಲ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡಿದೆ. ಅಲ್ಲಿ ನನಗಿಂತ ಹಿರಿಯಳಾದ ಒಬ್ಬಾಕೆ ಇದ್ದಳು, ಮಾತು ಕಡಿಮೆ. ನಾನು ಬರೆದ ಮೊದಲ ಡೇಟಾಬೇಸನ್ನು ತೆರೆದು ನೋಡಿದವಳು ಪಾಸ್‌ವರ್ಡುಗಳ ಮೇಲೆ ಬೆರಳಿಟ್ಟು, ಇವು ನಿನಗೆ ಕಾಣುತ್ತವಲ್ಲ ಎಂದು ಕೇಳಿದಳು. ಕಾಣುತ್ತವೆ ಎಂದೆ. "ನಿನಗ ಕಾಣ್ತಾವಂದ್ರ ಕಳ್ಳಗೂ ಕಾಣ್ತಾವು," ಅಂದಳು.

ಅವಳಿಂದ ಕಲಿತದ್ದನ್ನು ನಾನು ಬಿಡಲಿಲ್ಲ. ಪಾಸ್‌ವರ್ಡನ್ನು ಇದ್ದ ಹಾಗೆ ಇಡಕೂಡದು. ಅದನ್ನು ಒಂದು ಲೆಕ್ಕದೊಳಗೆ ಹಾಯಿಸಬೇಕು. ಆಚೆ ಬರುವುದು ಗುರುತೇ ಸಿಗದ ಅಕ್ಷರಗಳ ಸಾಲು. ಆ ಸಾಲಿನಿಂದ ಮೂಲ ಪದಕ್ಕೆ ಹಿಂದಿರುಗುವ ದಾರಿ ಇಲ್ಲ. ಡೇಟಾಬೇಸಿನಲ್ಲಿ ಇಡುವುದು ಆ ಸಾಲನ್ನು ಮಾತ್ರ. ಮರುದಿನ ಆ ಮನುಷ್ಯ ಬಂದು ಪಾಸ್‌ವರ್ಡ್ ಒತ್ತಿದರೆ ಮತ್ತೆ ಅದೇ ಲೆಕ್ಕ ಹಾಕಿ, ಬಂದ ಸಾಲು ಇಟ್ಟ ಸಾಲಿನ ಹಾಗೇ ಇದೆಯೇ ಎಂದು ನೋಡಿ ಒಳಗೆ ಬಿಡುವುದು. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡರೂ ಸಾಲುಗಳು ಬೇರೆಬೇರೆ ಆಗಲೆಂದು ಲೆಕ್ಕ ಹಾಕುವ ಮುಂಚೆ ಒಬ್ಬೊಬ್ಬರ ಪದಕ್ಕೂ ಒಂದೊಂದು ಬೇರೆ ಅಕ್ಷರಗಳ ಚಿಟಿಕೆ ಬೆರೆಸುತ್ತೇವೆ, ಅದಕ್ಕೆ ನಮ್ಮ ಕಸುಬಿನಲ್ಲಿ ಸಾಲ್ಟ್ ಅನ್ನುತ್ತಾರೆ, ಉಪ್ಪು. ಆ ಲೆಕ್ಕವೂ ಬೇಕೆಂದೇ ನಿಧಾನ ಇರಬೇಕು. ಮಾಲೀಕನಿಗೆ ಒಂದು ಕ್ಷಣ ಕಾಯುವುದು ಭಾರವಲ್ಲ, ಲಕ್ಷಗಟ್ಟಲೆ ಪದಗಳನ್ನು ಒಂದೊಂದಾಗಿ ಹಾಕಿ ನೋಡುವ ಕಳ್ಳನಿಗೆ ಅದೇ ಭಾರ.

ಅವ್ವನಿಗೆ ಇದನ್ನು ಹೇಳಲು ಹೋಗಿದ್ದೆ. ಜೋಳ ಬೀಸಿದ ಮೇಲೆ ಹಿಟ್ಟು ಮತ್ತೆ ಕಾಳಾಗುತ್ತದೇನವ್ವ, ಹಾಗೆ ಎಂದೆ. ಅವ್ವ, "ಅವರು ಪಾಪ ಕಾಳು ಕೇಳಾಕ ಬಂದಾರ, ನೀ ಹಿಟ್ಟು ತೋರಿಸ್ತಿ," ಅಂದಳು.

ಕೂಟದ ಸದಸ್ಯರು ಅಂದದ್ದೂ ಅದನ್ನೇ. ಮರೆತವರಿಗೆ ನಾನು ಒಂದು ದಾರಿ ಇಟ್ಟಿದ್ದೆ. ಅವರ ಫೋನಿಗೆ ಒಂದು ಸಂಖ್ಯೆ ಬರುತ್ತದೆ, ಅದನ್ನು ಒತ್ತಿ ಹೊಸ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಅದು ಯಾರಿಗೂ ಬೇಡವಾಗಿತ್ತು. ಕಬ್ಬು ಬೆಳೆಯುವ ಹಿರಿಯರೊಬ್ಬರು, ಹುಬ್ಬಳ್ಳಿ ಬಿಟ್ಟು ಬಂದು ಹಾನಗಲ್ಲಿನಲ್ಲಿ ನಾನು ಇಟ್ಟಿದ್ದ ಕಂಪ್ಯೂಟರ್ ಸೆಂಟರಿಗೇ ಬಂದು ಕುರ್ಚಿ ಎಳೆದುಕೊಂಡು ಕೂತರು. ಹಳೆಯದನ್ನು ಹೇಳಲು ನನಗೆ ಆಗುವುದಿಲ್ಲ ಎಂದು ನಾನು ಮತ್ತೆ ಮತ್ತೆ ಹೇಳಿದೆ. ಅವರು ಸಿಟ್ಟಾಗಲಿಲ್ಲ, ನನ್ನನ್ನು ಮರುಕದಿಂದ ನೋಡಿದರು. "ಮನಿ ಕಟ್ಟಿದಾಕಿ ನೀನ. ಕೀಲಿ ಎಲ್ಲೈತಿ ಅಂತ ನಿನಗ ಗೊತ್ತಿಲ್ಲಂದ್ರ ನಾವು ಹೆಂಗ ನಂಬೂದು ತಂಗಿ?"

ಅವರ ಹೆಂಡತಿಯ ತವರು ಸವಣೂರಿನ ಕಡೆಯದು. ಅಲ್ಲಿ ಫೋನ್ ಹಚ್ಚಿದ ಕೂಡಲೇ ಹೇಳುತ್ತಾರೆ, ನಕ್ಕೋತ ಹೇಳುತ್ತಾರೆ ಎಂದು ಹೇಳಿ ಎದ್ದು ಹೋದರು. ಆ ನಗು ನನಗೆ ಚೆನ್ನಾಗಿ ಗೊತ್ತಿತ್ತು.

ಮುಂದೆ ಅದು ಎಲ್ಲರ ಬಾಯಲ್ಲಿ ಬಂತು. ಭತ್ತದ ಪೇಟೆಯಲ್ಲಿ, ತಹಶೀಲ್ದಾರ ಕಚೇರಿಯ ಸಾಲಿನಲ್ಲಿ, ಬಸ್ ನಿಲ್ದಾಣದ ಕಟ್ಟೆಯಲ್ಲಿ ಯಾರೋ ಒಬ್ಬರು ಸಿಕ್ಕು ಸವಣೂರಿನ ಮೇಡಂ ಹೇಗೆ ಹೇಳುತ್ತಾರೆಂದು ನನಗೇ ವರ್ಣಿಸುತ್ತಿದ್ದರು. ಕೊನೆಗೆ ಕೂಟದ ಅಧ್ಯಕ್ಷರೇ ಕರೆಸಿದರು. ಅವರು ಒಳ್ಳೆಯ ಮನುಷ್ಯ, ನನ್ನ ಅಪ್ಪನ ಪರಿಚಯದವರು. ಚಹಾ ತರಿಸಿ, ಅದು ಆರುವವರೆಗೆ ಮಳೆ ಬೆಳೆ ಮಾತಾಡಿ, ಆಮೇಲೆ ವಿಷಯಕ್ಕೆ ಬಂದರು. ಸವಣೂರಿನ ಹಾಗೆ ಮಾಡಲು ಏನು ತೊಂದರೆ ಎಂದು ಕೇಳಿದರು. ಡೇಟಾಬೇಸ್ ಯಾರ ಕೈಗಾದರೂ ಸಿಕ್ಕರೆ ಎಲ್ಲರ ಪಾಸ್‌ವರ್ಡೂ ಅವರ ಕೈಗೆ ಸಿಕ್ಕಹಾಗೆ, ಜನ ಎಲ್ಲ ಕಡೆಗೂ ಒಂದೇ ಪದ ಇಟ್ಟುಕೊಂಡಿರುತ್ತಾರೆ, ಇಲ್ಲಿ ಸೋರಿದ್ದು ಇಲ್ಲಿಗೇ ನಿಲ್ಲುವುದಿಲ್ಲ ಎಂದು ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ನೀ ಹೇಳೂದು ಖರೆ ಇರಬೇಕು," ಎಂದರು. "ಆದ್ರ ಮಂದಿ ಖರೆ ಮಾತಿಗೆ ಬರೂದಿಲ್ಲ ತಂಗಿ, ಛಲೋ ಮಾತಿಗೆ ಬರ್ತಾರ." ಮುಂದಿನ ಸುಗ್ಗಿಗೆ ಸವಣೂರಿನ ಮೇಡಮ್ಮನ್ನೇ ಒಮ್ಮೆ ಕೇಳಿ ನೋಡುವ ವಿಚಾರ ಕೆಲವರಿಗಿದೆ ಎಂದೂ ಮೆಲ್ಲಗೆ ಸೇರಿಸಿದರು.

ಅಲ್ಲಿಂದ ಮನೆಗೆ ನಡೆದು ಬರುವಾಗ ನನ್ನ ಎದೆಯಲ್ಲಿ ಆದದ್ದನ್ನು ಸಿಟ್ಟು ಅನ್ನಲಾರೆ. ಸಿಟ್ಟು ಬಂದು ಹೋಗುತ್ತದೆ. ಇದು ಹೊಟ್ಟೆಯಲ್ಲಿ ಮನೆ ಮಾಡಿತು. ಊಟಕ್ಕೆ ಕೂತರೆ ಪಕ್ಕದಲ್ಲಿ ಕೂಡುತ್ತಿತ್ತು. ಅವಳು ತಪ್ಪು ಮಾಡಿ ಪ್ರೀತಿ ಗಳಿಸಿದ್ದಾಳೆ, ನಾನು ಸರಿ ಮಾಡಿ ಕಳೆದುಕೊಂಡಿದ್ದೇನೆ ಎಂಬ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಹೇಳುತ್ತಿತ್ತು.

ಅದೇ ಚಳಿಗಾಲದಲ್ಲಿ ಶಿಗ್ಗಾಂವಿಯಲ್ಲಿ ಸುತ್ತಲಿನ ಕೂಟಗಳನ್ನೆಲ್ಲ ಸೇರಿಸಿ ಒಂದು ಸಭೆ ಮಾಡಿದರು. ಹೆದ್ದಾರಿಯ ಹತ್ತಿರದ ಒಂದು ಕಲ್ಯಾಣ ಮಂಟಪ. ನಾನು ಹೋಗುವ ಹೊತ್ತಿಗೆ ಅವಳು ಬಂದಾಗಿತ್ತು. ಹಸಿರು ದುಪಟ್ಟಾ ತಲೆಯ ಮೇಲೆ ಹೊದ್ದು, ಒಂದು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು, ನಾಲ್ಕೂ ಕಡೆಗೆ ತಿರುಗಿ ಮಾತಾಡುತ್ತಿದ್ದಳು. ಒಬ್ಬ ರೈತ ನಮಸ್ಕಾರ ಮಾಡಿದರೆ, "ಗೌರಿ ಹೆಂಗದಾಳ್ರಿ, ಹಾಲು ಕೊಡಾಕತ್ತಾಳೇನು?" ಎಂದು ಕೇಳಿದಳು. ಆತ ಹಿಗ್ಗಿ ಹೀರೇಕಾಯಿಯಾದ. ಗೌರಿ ಆತನ ಎಮ್ಮೆ. ಅದು ಅವಳಿಗೆ ಹೇಗೆ ಗೊತ್ತೆಂದು ನನಗೆ ತಕ್ಷಣ ಹೊಳೆಯಿತು. ಅದು ಆತನ ಪಾಸ್‌ವರ್ಡ್.

ಊಟದ ನಂತರ ಅವಳನ್ನು ಒಂದು ಮೂಲೆಗೆ ಕರೆದು ಕೇಳಿದೆ, ಪಾಸ್‌ವರ್ಡುಗಳನ್ನೆಲ್ಲ ಹಾಗೇ ಇಟ್ಟಿದ್ದೀಯಾ ಎಂದು. ಅವಳು ಮುಚ್ಚಿಡಲಿಲ್ಲ. ಆಡಿನ ಹೆಸರು, ಮೊಮ್ಮಗನ ಹೆಸರು, ಹೊಲದ ಹೆಸರು, ಓದಿದರೆ ಊರನ್ನೇ ಓದಿದ ಹಾಗಾಗುತ್ತದೆ ಎಂದಳು. ಅದಕ್ಕೇ ಅವರು ಅವಳನ್ನು ತಮ್ಮವಳು ಅನ್ನುತ್ತಾರಂತೆ. ಹಾಗೆ ಇಡಬಾರದು, ಮೊದಲು ಬದಲಿಸು ಎಂದೆ. ಮಾಡೋಣ ಬಿಡು ಎಂದು ನನ್ನ ಭುಜ ತಟ್ಟಿದಳು. ನನ್ನ ದನಿಯಲ್ಲಿ ಎಚ್ಚರಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಿತ್ತೆಂದು ಕಾಣುತ್ತದೆ. ಅವಳು ಉತ್ತರ ಕೊಟ್ಟದ್ದು ಹೊಟ್ಟೆಕಿಚ್ಚಿಗೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಬೆಳಗ್ಗೆ ಅವಳ ಫೋನ್ ಬಂತು. ದನಿ ಅವಳದಲ್ಲವೇನೋ ಅನಿಸುವಷ್ಟು ಸಣ್ಣಗಿತ್ತು.

ಆದದ್ದು ಇಷ್ಟು. ಅವಳು ಊರಲ್ಲಿಲ್ಲದಾಗ ಸದಸ್ಯರಿಗೆ ತೊಂದರೆ ಆಗಬಾರದೆಂದು ಅವಳು ಡೇಟಾಬೇಸಿನ ಒಂದು ಪ್ರತಿಯನ್ನು ಕೂಟದ ಯಂತ್ರಗಳ ಉಸ್ತುವಾರಿ ನೋಡುವವನ ಮೊಬೈಲಿಗೆ ಹಾಕಿಕೊಟ್ಟಿದ್ದಳು. ಆತ ಮಕ್ಕಳು ಮರಿ ಇರುವ ಸಂಸಾರಸ್ಥ, ಕೆಟ್ಟವನೇನಲ್ಲ, ಆದರೆ ಬಾಯಿ ಸಡಿಲ. ಬಂಕಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಗಂಡನಿಲ್ಲದ ಹೆಣ್ಣುಮಗಳೊಬ್ಬಳು ತಾನೇ ಹೊಲ ಮಾಡಿಸುತ್ತಾಳೆ. ಅವಳ ಪಾಸ್‌ವರ್ಡ್ ಒಬ್ಬ ಗಂಡಸಿನ ಹೆಸರು. ತೀರಿಹೋದ ಗಂಡನದಲ್ಲ, ಮಾವನದಲ್ಲ, ಮೈದುನನದೂ ಅಲ್ಲ. ಉಸ್ತುವಾರಿಯವನು ಅದನ್ನು ಚಹಾದ ಅಂಗಡಿಯಲ್ಲಿ ನಗೆಯ ಮಾತಾಗಿ ಹೇಳಿದ್ದ. ಸಂಜೆಯೊಳಗೆ ಅದು ಆಕೆಯ ಮನೆ ಮುಟ್ಟಿತು. ಮೈದುನ ಅಂಗಳದಲ್ಲಿ ನಿಂತು ಅದು ಯಾರ ಹೆಸರು ಎಂದು ಊರು ಕೇಳುವಂತೆ ಕೇಳಿದ್ದ. ಅಂದಿನಿಂದ ಆಕೆ ಹೊಲಕ್ಕೂ ಹೋಗದೆ ಒಳಗೇ ಕೂತಿದ್ದಾಳೆ.

"ನಾನ ಓದಿದ್ದೆ ಆ ಹೆಸರು," ಎಂದಳು ಗೆಳತಿ. "ಓದಿ ಸುಮ್ಮನಿದ್ದೆ. ನಾ ಸುಮ್ಮನಿದ್ರ ಸಾಕು ಅಂದುಕೊಂಡಿದ್ದೆ. ನೀ ಬರ್ತೀಯೇನು?"

ಬರ್ತೇನಿ ಎಂದೆ. ಫೋನ್ ಇಟ್ಟ ಮೇಲೆ ನನಗಾದದ್ದು ಸಂತೋಷ. ಆ ಹೆಣ್ಣುಮಗಳ ಮುಖ ನಾನು ನೋಡಿರಲಿಲ್ಲ, ಅವಳ ದುಃಖ ನನ್ನೊಳಗೆ ಇಳಿಯಲು ತಡವಾಯಿತು. ಮೊದಲು ಇಳಿದದ್ದು, ಇನ್ನು ಹಾನಗಲ್ಲಿನಲ್ಲಿ ಯಾರೂ ಗೆಳತಿಯ ಹೆಸರೆತ್ತುವುದಿಲ್ಲ ಎಂಬುದು. ಅವ್ವ ಯಾರ ಫೋನು ಎಂದು ಕೇಳಿದಳು. ಹೇಳಿದೆ. ಅವ್ವ ಹಿಟ್ಟಿನ ಕೈ ತೊಳೆದುಕೊಂಡು, "ಪಾಪ, ಆ ಹುಡುಗಿ ಎಷ್ಟು ಹೆದರಿರಬೇಕು," ಎಂದು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ತುಂಬಿಸಿ ನನ್ನ ಚೀಲದಲ್ಲಿಟ್ಟಳು. ಅದನ್ನು ಹೊತ್ತುಕೊಂಡೇ ಹೋಗಬೇಕಾಯಿತು.

ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಸವಣೂರು ಮುಟ್ಟಿದೆ. ಅವಳ ಮನೆ ಪೇಟೆಯ ಹಿಂದಿನ ಓಣಿಯಲ್ಲಿ, ಮುಂದಿನ ಪಡಸಾಲೆಯ ತುಂಬ ಒದ್ದೆ ಗೋಣಿತಟ್ಟು, ಅದರ ಕೆಳಗೆ ವೀಳ್ಯದೆಲೆಯ ಕಟ್ಟುಗಳು. ಅವಳ ಅಮ್ಮೀ ನನ್ನನ್ನು ನೋಡಿ ಬಾ ಮಗಳೇ ಎಂದವರೇ ಒಳಗಿನ ಕೋಣೆ ತೋರಿಸಿದರು. ಅವಳು ಕಂಪ್ಯೂಟರಿನ ಮುಂದೆ ಕೂತಿದ್ದಳು, ಕಣ್ಣು ಊದಿತ್ತು. ನಾನು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತುಗಳಿದ್ದವು. ಅವಳನ್ನು ನೋಡಿದ ಮೇಲೆ ಅವು ಹೊರಗೆ ಬರಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕ ಕೂತೆ, ಕಾಲೇಜಿನ ಹಾಗೆ, ನಾನು ಕಿಟಕಿಯ ಕಡೆ.

ಕೆಲಸ ಕಷ್ಟದ್ದಲ್ಲ. ಪ್ರತಿ ಪಾಸ್‌ವರ್ಡಿಗೂ ಬೇರೆ ಸಾಲ್ಟ್ ಬೆರೆಸಿ ಲೆಕ್ಕ ಹಾಕಿ, ಬಂದ ಸಾಲನ್ನು ಹೊಸ ಜಾಗದಲ್ಲಿ ಬರೆಯುವ ಪ್ರೋಗ್ರಾಂ ನಾನು ಬರೆದೆ. ಸುರಕ್ಷಿತವೆಂದು ಎಲ್ಲರೂ ಒಪ್ಪಿದ ಲೆಕ್ಕವನ್ನೇ ಬಳಸಬೇಕು, ನಮ್ಮ ಜಾಣತನದಿಂದ ಹೊಸದೊಂದನ್ನು ಹೊಸೆಯಬಾರದು ಎಂದು ಹೇಳುತ್ತ ಹೋದೆ. ಓಡಿಸುವ ಮುಂಚೆ ಡೇಟಾಬೇಸ್ ತೆರೆದೆ. ಪರದೆಯ ಮೇಲೆ ಪದಗಳು ಸಾಲುಸಾಲಾಗಿ ನಿಂತವು. ಅವಳು ತಟ್ಟನೆ ಕೈ ಅಡ್ಡ ಹಿಡಿದಳು.

"ನೀ ನೋಡಬ್ಯಾಡ," ಎಂದಳು. "ನೋಡೂ ಪಾಪ ನನಗೊಬ್ಬಾಕಿಗೇ ಇರ್ಲಿ."

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಆ ಹೊತ್ತಿನಲ್ಲಿಯೂ ನನ್ನೊಳಗೆ ಕಿಚ್ಚೆದ್ದಿತು. ಆ ಪದಗಳನ್ನೆಲ್ಲ ಅವಳು ಓದಿದ್ದಳು. ಒಂದು ತಾಲ್ಲೂಕಿನ ಜನ ಯಾವುದನ್ನು ಮರೆಯಬಾರದು ಅಂದುಕೊಂಡಿದ್ದರೋ ಅದೆಲ್ಲ ಅವಳಿಗೆ ಗೊತ್ತಿತ್ತು. ನನ್ನ ಸದಸ್ಯರ ಬಗ್ಗೆ ನನಗೆ ಗೊತ್ತಿದ್ದದ್ದು ಗುರುತು ಸಿಗದ ಅಕ್ಷರಗಳು. ಅದೇ ಸರಿ ಎಂದು ತಿಳಿದವಳು ನಾನೇ, ಆದರೂ ಕದ ಹಾಕಿದ ಮನೆಗಳ ನಡುವೆ ನಡೆದವಳಂತೆ ಅನಿಸಿತು.

ಪ್ರೋಗ್ರಾಂ ಓಡಿತು. ಅವಳ ಸ್ವಂತ ಖಾತೆಯಲ್ಲಿ ಒಳಗೆ ಹೋಗಿ ನೋಡಿದಳು, ಸರಿಯಾಗಿತ್ತು. ಹಳೆಯ ಪದಗಳ ಕಾಲಂ ಅಳಿಸಿದೆವು. ಆಮೇಲೆ ಶುರುವಾದದ್ದೇ ನಿಜವಾದ ಕೆಲಸ. ಅವಳು ಎಲ್ಲೆಲ್ಲಿ ಪ್ರತಿ ಇಟ್ಟಿದ್ದಳೆಂದು ನೆನಪು ಮಾಡಿಸಿ ನೆನಪು ಮಾಡಿಸಿ ಹುಡುಕಿದೆವು. ಇಮೇಲಿನಲ್ಲಿತ್ತು. ಪೆನ್‌ಡ್ರೈವಿನಲ್ಲಿತ್ತು. ಹಳೆಯ ಲ್ಯಾಪ್‌ಟಾಪಿನಲ್ಲಿತ್ತು, ಅದರಲ್ಲಿ ಅವಳ ಅಣ್ಣನ ಮಕ್ಕಳು ಆಟ ಆಡುತ್ತಿದ್ದರು. ಉಸ್ತುವಾರಿಯವನನ್ನು ಕರೆಸಿದಳು. ಆತ ತಲೆ ತಗ್ಗಿಸಿ ಬಂದು ಮೊಬೈಲ್ ಮುಂದಿಟ್ಟ. ಅವಳು ಬೈಯಲಿಲ್ಲ. ಅದನ್ನು ಆತನ ಕೈಗೆ ಕೊಟ್ಟವಳು ತಾನೇ ಎಂದು ಆತನ ಎದುರಿಗೇ ಹೇಳಿದಳು. ನಾನಾಗಿದ್ದರೆ ಹೇಳುತ್ತಿರಲಿಲ್ಲ.

ಮನುಷ್ಯರ ತಲೆಯೊಳಗೆ ಹೊಕ್ಕಿದ್ದನ್ನು ಅಳಿಸಲು ಬರುವುದಿಲ್ಲವಾದ್ದರಿಂದ ಸದಸ್ಯರೆಲ್ಲ ಹೊಸ ಪಾಸ್‌ವರ್ಡ್ ಮಾಡಿಕೊಳ್ಳಬೇಕಿತ್ತು, ಅದೇ ಪದವನ್ನು ಬೇರೆ ಕಡೆ ಬಳಸಿದ್ದರೆ ಅಲ್ಲಿಯೂ ಬದಲಿಸಬೇಕಿತ್ತು. ಒಂದು ಸಂದೇಶ ಕಳಿಸಿಬಿಡು ಎಂದೆ. ಅವಳು ಒಪ್ಪಲಿಲ್ಲ. ಒಬ್ಬೊಬ್ಬರಿಗೂ ಫೋನ್ ಹಚ್ಚಿ, ಏನಾಯಿತು, ಯಾರಿಂದಾಯಿತು ಎಂದು ತಾನೇ ಹೇಳುತ್ತೇನೆ ಎಂದಳು. ಮುಂದಿನ ಹಲವು ದಿನ ಅವಳು ಅದನ್ನೇ ಮಾಡಿದಳು. ಕೆಲವರು ಬೈದರು, ಒಬ್ಬರು ಫೋನ್ ಕುಕ್ಕಿದರು. ಆದರೆ ಬಹಳ ಜನ, ಇರ್ಲಿ ಬಿಡವ್ವ, ನೀ ಅಳಬ್ಯಾಡ ಎಂದು ಅವಳನ್ನೇ ಸಮಾಧಾನ ಮಾಡಿದರಂತೆ.

ಆ ಹೆಣ್ಣುಮಗಳಿಗೆ ಮಾತ್ರ ಫೋನ್ ಮಾಡಲಿಲ್ಲ. ನಾವಿಬ್ಬರೂ ಹೋದೆವು. ಬಂಕಾಪುರದಲ್ಲಿ ಇಳಿದು ಆಟೋ ಹಿಡಿದೆವು. ಕೋಟೆಯ ಕಡೆಯಿಂದ ನವಿಲು ಕೂಗುತ್ತಿತ್ತು, ಗೆಳತಿ ದಾರಿಯುದ್ದಕ್ಕೂ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಮನೆಯ ಅಂಗಳದಲ್ಲಿ ಮೈದುನ ನಿಂತಿದ್ದ. ಕೂಟದಿಂದ ಬಂದಿದ್ದೇವೆ ಎಂದಾಗ ದಾರಿ ಬಿಟ್ಟ. ಒಳಗೆ ಆಕೆ ಗೋಡೆಗೆ ಒರಗಿ ಕೂತಿದ್ದಳು. ನನ್ನ ವಯಸ್ಸಿನವಳು, ಕೈಗಳು ಮಾತ್ರ ನನಗಿಂತ ಹಿರಿಯವು. ನಮಗೆ ಚಾಪೆ ಹಾಸಿದಳು, ನೀರು ಕೊಟ್ಟಳು.

ಗೆಳತಿ ನೀರು ಮುಟ್ಟುವ ಮುಂಚೆಯೇ ತಪ್ಪು ತನ್ನದು ಎಂದು ಹೇಳಿದಳು. ಯಾವ ಸುತ್ತುಬಳಸೂ ಇಲ್ಲದೆ ಹೇಳಿದಳು. ಹೊರಗೆ ಮೈದುನ ಕೇಳಿಸಿಕೊಳ್ಳುತ್ತಿದ್ದ. ಆಕೆ ಬಾಗಿಲ ಕಡೆ ನೋಡಿ ಸ್ವಲ್ಪ ದನಿ ಎತ್ತಿದಳು.

"ಅದು ಯಾರ ಹೆಸರು ಅಂತ ಎಲ್ಲಾರೂ ಕೇಳಿದ್ರು. ನಾ ಹೇಳಂಗಿಲ್ಲ. ಯಾಕ ಹೇಳ್ಬೇಕು? ಅದು ನನ್ನದು, ನಾ ಇಟಗೊಂಡಿದ್ದು."

ಹೊರಗೆ ಮೈದುನ ಸರಿದುಹೋದ ಸಪ್ಪಳ ಕೇಳಿಸಿತು. ಆಕೆ ಗೆಳತಿಯನ್ನು ನೋಡಿ ಕೇಳಿದಳು, "ಈಗ ಹೊಸಾದು ಹಾಕಿದ್ರ ನಿಮಗ ಕಾಣತೈತೇನ್ರಿ ಅಕ್ಕಾರ?"

"ಇಲ್ರಿ. ನನಗ ಕಾಣೂದಿಲ್ಲ."

"ಇವರಿಗೆ?"

"ಇವರಿಗೂ ಇಲ್ರಿ. ಕಾಣದಂಗ ಮಾಡಿದವರ ಇವರು," ಎಂದು ಗೆಳತಿ ನನ್ನನ್ನು ತೋರಿಸಿದಳು.

ಆಕೆ ನನ್ನನ್ನು ಒಮ್ಮೆ ನೋಡಿದಳು. ಮೊಬೈಲ್ ತಂದು, ನಮಗೆ ಬೆನ್ನು ಮಾಡಿ ಕೂತು, ನಿಧಾನವಾಗಿ ಒತ್ತಿದಳು. ಅದೇ ಹೆಸರನ್ನು ಮತ್ತೆ ಇಟ್ಟಳೋ, ಬೇರೆ ಇಟ್ಟಳೋ, ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ನಾನು ಕಲಿತ ವಿದ್ಯೆ ಯಾತಕ್ಕೆ ಇದೆ ಎಂಬುದು ಆ ಬೆನ್ನನ್ನು ನೋಡುತ್ತ ಕೂತಾಗ ನನಗೆ ತಿಳಿದಷ್ಟು ಹುಬ್ಬಳ್ಳಿಯಲ್ಲಿಯೂ ತಿಳಿದಿರಲಿಲ್ಲ.

ಹೊರಡುವಾಗ ಆಕೆ ಗೆಳತಿಯ ಎರಡೂ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು. ಗೆಳತಿಯ ದುಪಟ್ಟಾ ತಲೆಯಿಂದ ಜಾರಿತು, ಆಕೆ ಅದನ್ನು ಸರಿಮಾಡಿದಳು. ನಾನು ಹೊಸ್ತಿಲ ಹತ್ತಿರ ಚಪ್ಪಲಿ ಹುಡುಕುತ್ತ ನಿಂತಿದ್ದೆ. ನನಗೆ ಆಕೆ ಕೈ ಮುಗಿದಳು, ದೂರದಿಂದ, ಆಫೀಸಿನವರಿಗೆ ಮುಗಿಯುವ ಹಾಗೆ. ನೋವು ಕೊಟ್ಟವಳಿಗೆ ಅಪ್ಪುಗೆ, ಮದ್ದು ಕೊಟ್ಟವಳಿಗೆ ನಮಸ್ಕಾರ ಎಂದು ಆಟೋದಲ್ಲಿ ಬಾಯಿತನಕ ಬಂದದ್ದನ್ನು ನುಂಗಿದೆ. ಗೆಳತಿ ಏನನ್ನೋ ಕೇಳಿಸಿಕೊಂಡವಳಂತೆ, "ಸಿಟ್ಟೈತೇನು ನನ್ನ ಮ್ಯಾಲ?" ಎಂದಳು. ಇಲ್ಲ ಎಂದೆ. ಸಿಟ್ಟಿರಲಿಲ್ಲ, ಅದು ನಿಜ.

ಮಳೆಗಾಲ ಕಳೆದ ಮೇಲೆ ಹಿರೇಕೆರೂರಿನಲ್ಲಿ ಮಹಿಳಾ ಸದಸ್ಯರಿಗೆಂದು ಒಂದು ತರಬೇತಿ ಇಟ್ಟರು. ಬಂದವರಲ್ಲಿ ಹೆಚ್ಚಿನವರು ಬೀಜ ಬೆಳೆಯುವ ಹೊಲಗಳಲ್ಲಿ ಕೆಲಸ ಮಾಡುವವರು, ಟೊಮ್ಯಾಟೊ ಹೂವಿಗೆ ಹೂವು ಮುಟ್ಟಿಸಿ ಮುಟ್ಟಿಸಿ ಬೆರಳ ತುದಿ ಹಳದಿಯಾದವರು. ಮೊಬೈಲಿನಲ್ಲಿ ಗುಟ್ಟು ಕಾಪಾಡಿಕೊಳ್ಳುವುದು ಹೇಗೆಂದು ಮಾತಾಡಲು ಕರೆದದ್ದು ಗೆಳತಿಯನ್ನು. ಅವಳು ನನ್ನನ್ನೂ ಎಳೆದುಕೊಂಡು ಹೋದಳು.

ನಾನು ಮೊದಲು ಮಾತಾಡಿದೆ. ಲೆಕ್ಕ, ಸಾಲ್ಟ್, ಹಿಂದಿರುಗಲಾಗದ ದಾರಿ ಎಲ್ಲವನ್ನೂ ಸರಿಯಾಗಿ ಹೇಳಿದೆ. ಹೆಂಗಸರು ವಿನಯದಿಂದ ಕೇಳಿದರು, ಹಿಂದಿನ ಸಾಲಿನಲ್ಲಿ ಒಂದು ಕೂಸು ಅತ್ತಿತು. ಆಮೇಲೆ ಅವಳು ಎದ್ದಳು. ಯಾರ ಹೆಸರೂ, ಊರೂ ಹೇಳದೆ, ತಾನು ಏನು ಮಾಡಿದೆ ಎಂಬುದನ್ನಷ್ಟೇ ಹೇಳಿದಳು. ಒಬ್ಬ ಹೆಣ್ಣುಮಗಳು ಮನಸ್ಸಿನಲ್ಲಿಟ್ಟುಕೊಂಡ ಒಂದು ಪದವನ್ನು ತಾನು ಕಾಯದೆ ಹೋದದ್ದನ್ನು ಹೇಳಿದಳು. ನಿಮ್ಮ ಪಾಸ್‌ವರ್ಡ್ ನನಗೆ ಗೊತ್ತಿದೆ ಎಂದು ಯಾರಾದರೂ ಅಂದರೆ ಅವರನ್ನು ನಂಬಬೇಡಿ, ಅವರು ನನ್ನಂಥವರೇ ಆಗಿದ್ದರೂ ನಂಬಬೇಡಿ ಎಂದಳು. ಮುಂದಿನ ಸಾಲಿನವರು ತಮ್ಮ ಮೊಬೈಲನ್ನು ಸೆರಗಿನೊಳಗೆ ಎಳೆದುಕೊಂಡರು. ನಾನು ಅಷ್ಟು ಹೊತ್ತು ಹೇಳಿದ್ದು ಅವಳ ಒಂದು ಮಾತಿನಲ್ಲಿ ಅವರ ತಲೆಗೆ ಹೋಗಿತ್ತು. ಆ ಮಾತಿನ ಒಳಗಿದ್ದದ್ದು ನನ್ನ ವಿದ್ಯೆ, ಹೊರಗೆ ಬಂದ ದನಿ ಅವಳದು.

ತಿಂಗಳು ಕಳೆಯುವುದರಲ್ಲಿ ನಮ್ಮ ಅಧ್ಯಕ್ಷರು ಪೇಟೆಯಲ್ಲಿ ಸಿಕ್ಕರು. ಬಹಳ ಉತ್ಸಾಹದಲ್ಲಿದ್ದರು. ಸವಣೂರಿನ ಮೇಡಂ ಈಗ ಹೊಸ ಪದ್ಧತಿ ತಂದಿದ್ದಾರಂತೆ, ಪಾಸ್‌ವರ್ಡ್ ಅವರಿಗೇ ಕಾಣುವುದಿಲ್ಲವಂತೆ, ಅಷ್ಟು ಗಟ್ಟಿಯಂತೆ. ನಾವೂ ಹಾಗೆ ಮಾಡಿಸಬಾರದೇ ಎಂದು ಕೇಳಿದರು. ನಮ್ಮಲ್ಲಿ ಮೊದಲಿನಿಂದಲೂ ಹಾಗೇ ಇದೆ ಎಂದೆ. ಅವರು, "ಹೌದೇನು? ಮೊದಲ ಹೇಳಬಾರದಿತ್ತೇನು ತಂಗಿ," ಎಂದರು.

ಇದನ್ನು ಗೆಳತಿಗೆ ಹೇಳಿದಾಗ ಅವಳು ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ಗಂಭೀರವಾಗಿ ಒಂದು ಮಾತು ಹೇಳಿದಳು. ಮರೆತು ಫೋನ್ ಮಾಡಿದವರಿಗೆ ಆಗುವುದಿಲ್ಲ ಎಂದು ಹೇಳಿ ಫೋನ್ ಇಡಬೇಡ, ಸಂಖ್ಯೆ ಬರುವವರೆಗೆ, ಅವರು ಅದನ್ನು ಒತ್ತುವವರೆಗೆ ಫೋನಿನಲ್ಲೇ ಇರು, ಹೊಸದನ್ನು ಒತ್ತುವಾಗ ಮಾತ್ರ ಬಾಯಿಬಿಟ್ಟು ಹೇಳಬೇಡಿ ಎಂದು ತಡೆ ಎಂದಳು. ಇಷ್ಟು ಸಣ್ಣದು ನನಗೆ ಹೊಳೆದಿರಲಿಲ್ಲವಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು. ಆದರೆ ಹಾಗೇ ಮಾಡಿದೆ. ಕಬ್ಬಿನ ಆ ಹಿರಿಯರ ಜೊತೆ ಒಂದು ಮಧ್ಯಾಹ್ನ ಬಹಳ ಹೊತ್ತು ಫೋನಿನಲ್ಲಿದ್ದೆ. ಹೊಸ ಪಾಸ್‌ವರ್ಡ್ ಕೂತ ಮೇಲೆ ಅವರು ಹೋದ ವರ್ಷ ತೀರಿಕೊಂಡ ತಮ್ಮ ಅಕ್ಕನ ಬಗ್ಗೆ ಮಾತಾಡಿದರು. ನಾನು ಕೇಳಿದೆ, ಅಂಗಡಿಗೆ ಬಂದವರನ್ನು ಕಾಯಿಸಿ ಕೇಳಿದೆ.

ಈಗ ಎರಡೂ ಕೂಟಗಳ ಆ್ಯಪನ್ನು ನಾವಿಬ್ಬರೂ ಕೂಡಿ ನೋಡಿಕೊಳ್ಳುತ್ತೇವೆ. ಇಬ್ಬರಿಗೂ ನಡುವೆ ಆಗಲೆಂದು ಶಿಗ್ಗಾಂವಿಯಲ್ಲಿ ಒಂದು ಕೋಣೆ ಹಿಡಿದಿದ್ದೇವೆ. ಡೇಟಾಬೇಸ್ ನನ್ನ ಕೈಯಲ್ಲಿದೆ, ಫೋನು ಅವಳ ಕೈಯಲ್ಲಿದೆ. ಅವಳು ಈಗಲೂ ತಡವಾಗಿ ಬರುತ್ತಾಳೆ. ಬೆಳಗ್ಗೆ ಬಾಗಿಲು ತೆರೆದು ನಾನು ಕೂತಿರುತ್ತೇನೆ, ಯಾರಾದರೂ ಹಳ್ಳಿಯಿಂದ ಬಂದು ಒಳಗೆ ಇಣುಕಿ, ಇನ್ನೊಬ್ಬರು ಮೇಡಂ ಇಲ್ಲೇನ್ರಿ ಎಂದು ಕೇಳುತ್ತಾರೆ. ಬರುತ್ತಾರೆ, ಏನು ಕೆಲಸ ಹೇಳ್ರಿ, ನಾನೇ ಮಾಡಿಕೊಡುತ್ತೇನೆ ಎನ್ನುತ್ತೇನೆ. ಅವರು ಬಾಗಿಲ ಪಕ್ಕದ ಬೆಂಚಿನ ಮೇಲೆ ಚೀಲ ಇಟ್ಟು, ಇರ್ಲಿ ಬಿಡ್ರಿ, ಅವಸರ ಏನಿಲ್ಲ, ಅವರು ಬರೂತನಕ ಕುಂತಿರ್ತೇವಿ ಎಂದು ಕೂಡುತ್ತಾರೆ.